ಫೋಟೊದಲ್ಲಿ ಹಳದಿಯಾದ ಮಗು

"ಗುರುಗಳೇ, ನಾನು ತೆಗೆದ ಚಿತ್ರದಲ್ಲಿ ಹಳದಿ ಹೆಚ್ಚಾಗಿದೆ ಎಂದು ಒಬ್ಬಳು ಬರೆದಿದ್ದಾಳೆ. ಅವಳ ಮಾತು ನಿಜವೋ ಹೊಟ್ಟೆಕಿಚ್ಚೋ, ತಿಳಿಯುವುದು ಹೇಗೆ?"

ಕೇಳಿದವಳು ಶಾರ್ವರಿ. ಪುಟ್ಟಬಸವಯ್ಯನವರ ಬಳಿ ಭಾನುವಾರದ ಬೆಳಿಗ್ಗೆ ಫೋಟೊ ತೆಗೆಯುವುದನ್ನು ಕಲಿಯಲು ಬರುತ್ತಿದ್ದ ಎಂಟು ಮಂದಿಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಿನವಳು. ವಾರವಿಡೀ ತೆಗೆದ ಚಿತ್ರಗಳನ್ನು ಎಂಟೂ ಮಂದಿ ಒಂದು ವಾಟ್ಸಾಪ್ ಗುಂಪಿನಲ್ಲಿ ಹಂಚಿಕೊಳ್ಳುತ್ತಿದ್ದರು. ಪಾಠ ಮುಗಿದು ಉಳಿದವರೆಲ್ಲ ಎದ್ದು ಹೋದ ಮೇಲೆ ಅವಳು ಈ ಪ್ರಶ್ನೆ ಕೇಳಿದಳು.

"ಆಮೇಲೆ ನೀನು ಏನು ಮಾಡಿದೆ?" ಎಂದರು ಗುರುಗಳು.

"ಅವಳು ಮೊದಲಿನಿಂದ ಬರೆದದ್ದನ್ನೆಲ್ಲ ಹುಡುಕಿ ಮತ್ತೆ ಓದಿದೆ. ಎಲ್ಲದರಲ್ಲೂ ಹೊಟ್ಟೆಕಿಚ್ಚೇ ಕಂಡಿತು."

ಗುರುಗಳು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಕೂತುಕೋ ಎಂದು ಕೈ ತೋರಿಸಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನಿಗೆ ಎರಡು ವಿಷಯದಲ್ಲಿ ಹೆಮ್ಮೆ. ಒಂದು, ಅವನು ಉಡುತ್ತಿದ್ದ ಬಿಳಿ ಪಂಚೆ. ಇನ್ನೊಂದು, ಅವನು ತೆಗೆಯುತ್ತಿದ್ದ ಫೋಟೊ.

ಪಂಚೆಯನ್ನು ಅವನ ಹೆಂಡತಿ ಒಗೆದು, ಕೊನೆಯ ನೀರಿಗೆ ನೀಲಿ ಹನಿಸಿ, ಅದರಲ್ಲಿ ಅದ್ದಿ ಹರವುತ್ತಿದ್ದಳು. ಬಿಳಿ ಬಟ್ಟೆ ಹಳತಾದಾಗ ಮಂಕಾಗದಿರಲಿ ಎಂದು ಎಲ್ಲರ ಮನೆಯಲ್ಲೂ ಮಾಡುವುದೇ ಅದು. ಬೀದಿಯಲ್ಲಿ ಯಾರದಾದರೂ ಬಟ್ಟೆ ಬೆಳ್ಳಗಿದ್ದರೆ "ಪಾತ್ರೆ ಅಂಗಡಿಯವರ ಪಂಚೆ ಹಾಗಿದೆ" ಎನ್ನುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ಅವನ ನಡಿಗೆ ನಿಧಾನವಾಗುತ್ತಿತ್ತು.

ಫೋಟೊ ವಿಷಯದಲ್ಲಿ ಅವನು ಕಲಿತದ್ದು ಒಂದೇ ಸೂತ್ರ. ಬಿಸಿಲು, ನೆರಳು, ಬಲ್ಬು, ಒಂದೊಂದು ಬೆಳಕೂ ಚಿತ್ರಕ್ಕೆ ಒಂದೊಂದು ಬಣ್ಣ ಬಳಿಯುತ್ತದೆ. ಆ ಬಣ್ಣವನ್ನು ತೊಳೆಯಬೇಕಾದರೆ ಚಿತ್ರದಲ್ಲಿ ಬಿಳಿಯಾದ ವಸ್ತು ಒಂದನ್ನು ಹುಡುಕಬೇಕು. ಫೋನಿನಲ್ಲಿ ತಿದ್ದುವಾಗ ಬಣ್ಣ ಹೆಕ್ಕುವ ಡ್ರಾಪರಿನ ಗುರುತನ್ನು ಅದರ ಮೇಲೆ ಇಟ್ಟು ಒತ್ತಬೇಕು. 'ಇದು ಬಿಳಿ' ಎಂದು ನಾವು ಹೇಳಿದರೆ ಫೋನು ಅದನ್ನು ನಂಬುತ್ತದೆ. ಉಳಿದ ಬಣ್ಣಗಳನ್ನೆಲ್ಲ ಅದಕ್ಕೆ ತಕ್ಕಂತೆ ಸರಿಸುತ್ತದೆ. ವೈಟ್ ಬ್ಯಾಲೆನ್ಸ್ ಎಂದರೆ ಇಷ್ಟೇ.

ಬಿಳಿಗಾಗಿ ಅವನು ದೂರ ಹೋಗಬೇಕಾಗಿರಲಿಲ್ಲ. ಉಟ್ಟ ಪಂಚೆಯ ಚುಂಗನ್ನು ಚಿತ್ರದ ಮೂಲೆಗೆ ಸೇರಿಸಿಕೊಳ್ಳುತ್ತಿದ್ದ. ಅದರ ಮೇಲೆ ಒತ್ತಿ, ಬಣ್ಣ ಸರಿಯಾದ ಮೇಲೆ ಮೂಲೆಯನ್ನು ಕತ್ತರಿಸಿ ತೆಗೆಯುತ್ತಿದ್ದ. ಹಾಗೆ ತಿದ್ದದ ಒಂದು ಚಿತ್ರವನ್ನೂ ಅವನು ಯಾರಿಗೂ ಕಳಿಸಿದವನಲ್ಲ. ತಲೆ ಬಾಚದೆ ಬೀದಿಗೆ ಇಳಿದ ಹಾಗೆ ಆಗುತ್ತದೆ ಎನ್ನುತ್ತಿದ್ದ.

ಅವನು ತೆಗೆಯುತ್ತಿದ್ದದ್ದು ಅಂಗಡಿಯ ಹಿತ್ತಾಳೆ ಕೊಡ, ತಾಮ್ರದ ಹಂಡೆ, ಸಂಜೆಯ ಬಿಸಿಲು. ಫೋಟೊ ಗೆಳೆಯರು ನೋಡಿ "ಬಂಗಾರ ಕಣಣ್ಣ, ಬಂಗಾರ" ಎಂದು ಬರೆಯುತ್ತಿದ್ದರು. ಅವರಲ್ಲಿ ಒಬ್ಬ ಅಂಚೆಯವನು ಮಾತ್ರ ಒಮ್ಮೆ "ಅಣ್ಣ, ಹಳದಿ ಸ್ವಲ್ಪ ಜಾಸ್ತಿ ಅನ್ನಿಸ್ತು, ತಪ್ಪು ತಿಳೀಬೇಡಿ" ಎಂದು ಬರೆದ. ವ್ಯಾಪಾರಿ ತಪ್ಪೇ ತಿಳಿದ. ಆ ಅಂಚೆಯವನು ಮಗಳ ಮದುವೆಗೆ ಎದುರಿನ ಅಂಗಡಿಯಲ್ಲಿ ಪಾತ್ರೆ ಕೊಂಡಿದ್ದ. ನಮ್ಮಲ್ಲಿ ಕೊಳ್ಳದವನು ನಮ್ಮ ಹಿತ್ತಾಳೆ ಹೊಳೆದರೆ ಸಹಿಸುತ್ತಾನೆಯೇ ಎಂದುಕೊಂಡ. ಅಂದಿನಿಂದ ಅಂಚೆಯವನ ಚಿತ್ರಗಳಿಗೆ ವ್ಯಾಪಾರಿ ಒಂದು ಮಾತೂ ಬರೆಯಲಿಲ್ಲ.

ಹೀಗಿರುವಾಗ ವ್ಯಾಪಾರಿಯ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಮಗು ಹುಟ್ಟಿತು. ಅಳಿಯ ಆಸ್ಪತ್ರೆಗೆ ಬಂದು, ಮಗುವನ್ನು ನೋಡಿ, ಕೆಂಪಗೆ ಟೊಮೆಟೊ ಹಾಗಿದೆ ಎಂದು ಹೇಳಿ, ರಜೆ ಇಲ್ಲವೆಂದು ಅದೇ ದಿನ ಹೊರಟುಹೋದ. ಅವನ ಊರು ಎಂಟು ಗಂಟೆಯ ದಾರಿ. ಬೀಗರು ಬರಲಿಲ್ಲ. ಹದಿಮೂರನೆಯ ದಿನ ನಾಮಕರಣಕ್ಕೆ ಬರುತ್ತೇವೆ, ಅಲ್ಲಿಯವರೆಗೆ ದಿನವೂ ಫೋಟೊ ಕಳಿಸಿ ಎಂದು ಹೇಳಿದರು.

ಫೋಟೊ ಎಂದರೆ ವ್ಯಾಪಾರಿಗೆ ಹೇಳಬೇಕೆ?

ಆದರೆ ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಪುರುಡು ಕಳೆಯುವ ತನಕ, ಎಂದರೆ ಹತ್ತು ದಿನ, ಗಂಡಸರು ಬಾಣಂತಿ ಕೋಣೆಯ ಹೊಸಿಲು ದಾಟುವ ಹಾಗಿರಲಿಲ್ಲ. ಆ ಕೋಣೆಗೆ ಗಾಳಿ ಬೀಳಬಾರದೆಂದು ಕಿಟಕಿ ಮುಚ್ಚಿರುತ್ತಿತ್ತು. ಬಾಣಂತಿಯ ಕಣ್ಣಿಗೆ ಆಯಾಸವಾಗಬಾರದೆಂದು ಅವಳ ಫೋನನ್ನು ತಾಯಿ ತೆಗೆದು ಬೀರುವಿನಲ್ಲಿಟ್ಟಿದ್ದಳು. ಮಗುವಿಗೆ ನೀರು ಹಾಕಲು ಬರುತ್ತಿದ್ದ ಕೆಂಪಜ್ಜಿ ಬೆಳಿಗ್ಗೆ ಸ್ನಾನ ಮುಗಿಸಿ, ಹಳೆಯ ಮೆತ್ತನೆಯ ಪಂಚೆಯ ತುಂಡಿನಲ್ಲಿ ಮಗುವನ್ನು ಸುತ್ತಿ, ನಡುಮನೆಯ ಬೆಳಕಿಗೆ ಐದು ನಿಮಿಷ ತರುತ್ತಿದ್ದಳು. ಆ ಐದು ನಿಮಿಷದಲ್ಲಿ ವ್ಯಾಪಾರಿ ಫೋನು ಹಿಡಿದು ಇಪ್ಪತ್ತು ಫೋಟೊ ತೆಗೆಯುತ್ತಿದ್ದ. ಅವನು ಫೋನು ಕೆಳಗಿಳಿಸುವ ಹೊತ್ತಿಗೆ ಮಗು ಒಳಗೆ ಹೋಗಿರುತ್ತಿತ್ತು.

ನಾಲ್ಕನೆಯ ದಿನ ಮೊದಲ ಚಿತ್ರ ಕಳಿಸಿದ. ಇಪ್ಪತ್ತರಲ್ಲಿ ಒಂದನ್ನು ಆರಿಸಿ, ಮಗುವನ್ನು ಸುತ್ತಿದ ಪಂಚೆಯ ಮೇಲೆ ಡ್ರಾಪರ್ ಇಟ್ಟು ಒತ್ತಿದ್ದ. ಇಡೀ ಚಿತ್ರದಲ್ಲಿ ಅದಕ್ಕಿಂತ ಬಿಳಿಯಾದದ್ದು ಬೇರೆ ಏನಿತ್ತು?

ಐದನೆಯ ದಿನ ಬೀಗರ ಫೋನು ಬಂತು.

"ಮಗು ಹುಷಾರಾಗಿದೆಯಾ ಬೀಗರೇ?"

"ಚೆನ್ನಾಗಿದೆ. ಫೋಟೊ ನೋಡಿದಿರಲ್ಲ?"

"ನೋಡಿದ್ದಕ್ಕೇ ಕೇಳ್ತಿರೋದು. ಹುಟ್ಟಿದ ದಿನ ಕೆಂಪಗಿತ್ತು ಅಂದ ನಮ್ಮ ಹುಡುಗ. ಈಗ ನೋಡಿದರೆ ಅರಿಶಿನ ಬಳಿದ ಹಾಗಿದೆ. ಕಾಮಾಲೆ ಏನಾದ್ರೂ ಇದೆಯಾ? ಇದ್ರೆ ಇದೆ ಅನ್ನಿ. ಮುಚ್ಚಿಡೋದು ಬೇಡ."

ಮುಚ್ಚಿಡುವುದು ಎಂಬ ಮಾತು ವ್ಯಾಪಾರಿಗೆ ನಾಟಿತು. ಅವನು ಫೋನಿಟ್ಟು ಚಿತ್ರವನ್ನು ಮತ್ತೆ ನೋಡಿದ. ಮಗು ಹಳದಿಯಾಗಿಯೇ ಇತ್ತು. ಆದರೆ ಅವನು ತೆಗೆದ ಕೊಡವೂ ಹಂಡೆಯೂ ಸಂಜೆಯೂ ಹಾಗೇ ಇದ್ದವು. ಅವನ ಕಣ್ಣಿಗೆ ಅದು ಒಳ್ಳೆಯ ಚಿತ್ರದ ಬಣ್ಣ. ಮದುವೆಯಲ್ಲಿ ಪಾಯಸ ಎರಡನೆಯ ಸಲ ಬರಲಿಲ್ಲವೆಂದು ಎಲೆ ಬಿಟ್ಟು ಎದ್ದಿದ್ದ ಜನ ಇವರು. ಈಗ ಹೆಣ್ಣು ಹುಟ್ಟಿತಲ್ಲ, ನೆಪ ಹುಡುಕುತ್ತಿದ್ದಾರೆ ಎಂದುಕೊಂಡ.

ಅತ್ತ ಬೀಗರ ಮನೆಯಲ್ಲೂ ಇಂಥದೇ ಲೆಕ್ಕಾಚಾರ. ಅಳಿಯ ವಿಡಿಯೊ ಕಾಲ್ ಮಾಡಿ ಮಗುವನ್ನು ತೋರಿಸಿ ಎಂದ. ಕತ್ತಲು ಕೋಣೆಯಲ್ಲಿ ಏನೂ ಕಾಣಲಿಲ್ಲ. ನಡುಮನೆಗೆ ತಂದಾಗ ತೋರಿಸಿ ಎಂದರೆ ವ್ಯಾಪಾರಿ ಒಪ್ಪಲಿಲ್ಲ. "ವಿಡಿಯೊದಲ್ಲಿ ಬಣ್ಣ ತಿದ್ದೋಕೆ ಬರಲ್ಲ ಕಣಪ್ಪ, ನಾನು ಸರಿಯಾದ ಫೋಟೊ ಕಳಿಸ್ತೀನಿ" ಎಂದ. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಕೇಳಿದವರಿಗೆ ಹೇಗೆ ಕೇಳಿಸಿರಬೇಡ! ತಾಯಿಯ ಫೋನಿನಿಂದ ಮಗಳು ಗಂಡನಿಗೆ "ಮಗು ಚೆನ್ನಾಗಿದೆ ರೀ" ಎಂದಳು. ಪಕ್ಕದಲ್ಲಿ ಅಪ್ಪ ನಿಂತು ಹೇಳಿಸುತ್ತಿದ್ದಾನೆ ಎಂದುಕೊಂಡ ಅಳಿಯ.

ಆರನೆಯ ದಿನ ಬೀಗರು ರಕ್ತ ಪರೀಕ್ಷೆ ಮಾಡಿಸಿ ಎಂದರು. ವ್ಯಾಪಾರಿಯ ಹೆಂಡತಿ ಮಗುವನ್ನು ಆಸ್ಪತ್ರೆಗೆ ಒಯ್ದಳು. ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ತೆಗೆದರು. ಡಾಕ್ಟರು ನೋಡಿ, ಹುಟ್ಟಿದ ಮಕ್ಕಳಿಗೆ ಒಂದಿಷ್ಟು ಹಳದಿ ಬಂದು ಹೋಗುವುದುಂಟು, ಇದಕ್ಕೆ ಅದೂ ಇಲ್ಲ ಎಂದರು. ವರದಿಯನ್ನು ಬೀಗರಿಗೆ ಕಳಿಸಿದ್ದಾಯಿತು. ಅದರ ಜೊತೆಗೆ ಅಂದಿನ ಫೋಟೊವನ್ನೂ ವ್ಯಾಪಾರಿ ಕಳಿಸಿದ. ವರದಿಯಲ್ಲಿ ಕಾಮಾಲೆ ಇರಲಿಲ್ಲ. ಫೋಟೊದಲ್ಲಿ ಇತ್ತು.

"ವರದಿ ಈ ಮಗುವಿನದೇ ತಾನೆ?" ಎಂದು ಬೀಗರು ಕೇಳಿದರು.

ಏಳನೆಯ ದಿನ ಬೇರೆ ಲ್ಯಾಬಿನಲ್ಲಿ ಇನ್ನೊಂದು ಸಲ ಚುಚ್ಚಿಸಿದರು. ಮತ್ತೆ ಅದೇ ಉತ್ತರ. ಅಂದು ಸಂಜೆ ಬೀಗರ ಮಾತು ಬಿಗಿಯಾಯಿತು.

"ನೋಡಿ ಬೀಗರೇ, ನಾಮಕರಣ ಆಮೇಲೆ ಇಟ್ಟುಕೊಳ್ಳೋಣ. ನಾಡಿದ್ದು ಕಾರು ಕಳಿಸ್ತೀವಿ. ತಾಯಿ ಮಗು ಇಬ್ಬರನ್ನೂ ಕಳಿಸಿಕೊಡಿ. ನಮ್ಮ ಡಾಕ್ಟರು ನೋಡಲಿ. ಆಮೇಲೆ ನಿಮ್ಮಲ್ಲಿಗೆ ಕಳಿಸೋದೋ ಬಿಡೋದೋ ಯೋಚನೆ ಮಾಡ್ತೀವಿ."

"ಹೊಲಿಗೆ ಹಾಕಿದ ಬಾಣಂತಿ, ಎಂಟು ಗಂಟೆ ಕಾರಿನಲ್ಲಿ ಕೂರೋಕಾಗುತ್ತಾ?"

"ನಮ್ಮ ಮನೆ ಮಗು ಕೈತಪ್ಪಿ ಹೋಗೋದನ್ನ ನಾವು ಕೂತು ನೋಡೋಕಾಗುತ್ತಾ?"

ಒಳಗೆ ಮಗಳು ಇದನ್ನು ಕೇಳಿಸಿಕೊಂಡಳು. ಹೋದರೆ ತವರಿನ ಬಾಣಂತನ ಮುರಿದ ಹಾಗೆ, ಹೋಗದಿದ್ದರೆ ಗಂಡನ ಮನೆ ಮುರಿದ ಹಾಗೆ. ಆ ದಿನ ಅವಳು ಊಟ ಮಾಡಲಿಲ್ಲ.

ವ್ಯಾಪಾರಿ ಮಾತ್ರ ತನ್ನ ಚಿತ್ರ ಸರಿ ಎಂದು ತೋರಿಸಲೇಬೇಕೆಂದು ಹಟ ಹಿಡಿದ. ಒಂದು ಸಾಕ್ಷಿ ಸಾಲದಿದ್ದರೆ ಎರಡು ಸಾಕ್ಷಿ. ಪಂಚೆಯನ್ನು ಬಿಟ್ಟು, ಚಿತ್ರದ ಹಿಂದೆ ಕಾಣುತ್ತಿದ್ದ ಗೋಡೆಯ ಮೇಲೆ ಡ್ರಾಪರ್ ಇಟ್ಟು ಒತ್ತಿದ. ಹೆರಿಗೆಗೆ ಮಗಳು ಬರುತ್ತಾಳೆಂದು ಆಗಷ್ಟೇ ಸುಣ್ಣ ಹೊಡೆಸಿದ ಬಿಳಿ ಗೋಡೆ. ಮಗು ಅಷ್ಟೇ ಹಳದಿಯಾಗಿ ಬಂತು. ಪಂಚೆ ಹೇಳಿದ್ದನ್ನೇ ಗೋಡೆಯೂ ಹೇಳಿತು.

ವ್ಯಾಪಾರಿ ಎರಡು ಚಿತ್ರಗಳನ್ನೂ ಮತ್ತೆ ಮತ್ತೆ ನೋಡಿದ. ಎರಡು ಬಿಳಿಗಳು ಒಟ್ಟಿಗೆ ಸುಳ್ಳು ಹೇಳುತ್ತವೆಯೇ? ಹಾಗಾದರೆ ಬೀಗರು ಹೇಳುತ್ತಿರುವುದೇ ನಿಜ. ಮಗುವಿಗೆ ಏನೋ ಆಗಿದೆ. ಆಗಿದ್ದರೆ ಮನೆಯಲ್ಲಿ ಯಾರೂ ಯಾಕೆ ಹೇಳುತ್ತಿಲ್ಲ?

ಆ ಕ್ಷಣದಿಂದ ಅವನ ಗುಮಾನಿ ಬೀಗರ ಮನೆಯನ್ನು ಬಿಟ್ಟು ತನ್ನ ಮನೆಯೊಳಗೇ ಓಡಾಡತೊಡಗಿತು. ಹೆಂಡತಿ ಕೆಂಪಜ್ಜಿಯ ಜೊತೆ ಪಿಸುಮಾತಿನಲ್ಲಿ ಮಾತಾಡುತ್ತಿದ್ದಳು. ಮಗು ಮಲಗಿದೆ ಎಂದು ಅವಳು ಪಿಸುಗುಟ್ಟಿದ್ದು. ಅವನಿಗೆ ಅದು ಗುಟ್ಟಿನ ಹಾಗೆ ಕೇಳಿಸಿತು. ಡಾಕ್ಟರು ವರದಿ ಕೊಡುವಾಗ ನಕ್ಕಿದ್ದರಂತೆ. ಡಾಕ್ಟರು ಸುಮ್ಮನೆ ನಗುತ್ತಾರೆಯೇ? ಅವನು ಕೆಂಪಜ್ಜಿಯನ್ನು ಬಾಗಿಲಲ್ಲಿ ತಡೆದು ಕೇಳಿದ.

"ಮಗುವಿನ ಮೈಗೆ ಏನು ಹಚ್ತೀಯ ಅಜ್ಜಿ? ಅರಿಶಿನ ಗಿರಿಶಿನ ಹಾಕ್ತೀಯಾ?"

"ಎಣ್ಣೆ ಹಚ್ತೀನಿ, ಕಡಲೆಹಿಟ್ಟು ಹಾಕ್ತೀನಿ. ನಿಮ್ಮ ಮಗಳಿಗೂ ಇದೇ ಕೈಯಲ್ಲಿ ನೀರು ಹಾಕಿದ್ದು ಯಜಮಾನ್ರೇ. ಅವಳೇನು ಹಳದಿಯಾಗಿದ್ದಾಳಾ?"

"ಮತ್ತೆ ಫೋಟೊದಲ್ಲಿ ಯಾಕೆ ಹಾಗೆ ಬರುತ್ತೆ?"

"ನಾನು ಮಗುವಿಗೆ ನೀರು ಹಾಕೋಳು, ಫೋಟೊಗೆ ಹಾಕೋಳಲ್ಲ" ಎಂದು ಅಜ್ಜಿ ಸೆರಗು ಕೊಡವಿಕೊಂಡು ಹೋದಳು.

ಹೆಂಡತಿ ಇದನ್ನು ಕೇಳಿ ಬಂದಳು. "ನಿಮಗೆ ಅಷ್ಟು ಅನುಮಾನ ಇದ್ರೆ ಬಾಗಿಲ ಹತ್ರ ಬನ್ನಿ. ಎತ್ತಿಕೊಂಡು ಬರ್ತೀನಿ, ಕಣ್ಣಾರೆ ನೋಡಿ."

"ಆ ಕತ್ತಲಲ್ಲಿ ಏನು ಕಾಣುತ್ತೆ? ಇಲ್ಲಿ ಎಲ್ಲ ಸ್ಪಷ್ಟವಾಗಿದೆ" ಎಂದು ಅವನು ಫೋನು ತೋರಿಸಿದ.

"ನಿಮ್ಮ ಮೊಮ್ಮಗು ಇಲ್ಲಿದೆಯಾ ಅಲ್ಲಿದೆಯಾ?"

ಅವನು, ಮಾತು ಹಾರಿಸುತ್ತಿದ್ದಾಳೆ ಎಂದುಕೊಂಡ. ಎಂಟನೆಯ ದಿನ ಅವನೇ ಹಟ ಮಾಡಿ, ದೂರದ ಇನ್ನೊಂದು ಆಸ್ಪತ್ರೆಗೆ ಮಗುವನ್ನು ಕಳಿಸಿ, ಮೂರನೆಯ ಸಲ ಚುಚ್ಚಿಸಿದ. ಉತ್ತರ ಮತ್ತೆ ಅದೇ. ವರದಿಯನ್ನು ಅವನು ಮೂರು ಸಲ ಓದಿದ. ಆಮೇಲೆ ಫೋಟೊವನ್ನು ನೋಡಿದ. ಆಮೇಲೆ ವರದಿಯ ಕೆಳಗಿದ್ದ ಸಹಿಯನ್ನು ನೋಡಿ, ಈ ಸಹಿ ಅವಸರದಲ್ಲಿ ಹಾಕಿದ ಹಾಗಿದೆ ಎಂದುಕೊಂಡ.

ಒಂಬತ್ತನೆಯ ದಿನ ಬೆಳಿಗ್ಗೆ ಮನೆಯ ಮುಂದೆ ಒಂದು ಆಟೊ ನಿಂತಿತು. ಕಾರು ಬರುವುದು ಮಧ್ಯಾಹ್ನ ಎಂದಿದ್ದರು. ಆಟೊದಿಂದ ಇಳಿದವಳು ಬೀಗಿತ್ತಿ. ಅಳಿಯನ ತಾಯಿ. ಯಾರಿಗೂ ಹೇಳದೆ ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು. ಮಂಡಿ ನೋವಿನ ಹೆಂಗಸು, ಮೆಟ್ಟಿಲ ಕಂಬ ಹಿಡಿದು ನಿಂತು ಕೇಳಿದಳು.

"ಒಳಗೆ ಬರಬಹುದಾ ಬೀಗರೇ, ಇಲ್ಲ ನನಗೂ ಫೋಟೊ ತೋರಿಸಿ ಕಳಿಸ್ತೀರಾ?"

ವ್ಯಾಪಾರಿ ಬಾಯಿ ತೆರೆಯುವ ಮೊದಲೇ ಅವಳು ಒಳಗೆ ನಡೆದಳು. ನೀರು ಕೊಟ್ಟರೆ ಮುಟ್ಟಲಿಲ್ಲ. ನೆಟ್ಟಗೆ ಬಾಣಂತಿ ಕೋಣೆಗೆ ಹೋಗಿ, ಸೊಸೆಯ ಪಕ್ಕದಿಂದ ಮಗುವನ್ನು ಎತ್ತಿಕೊಂಡು, ಜಗಲಿಯ ಬೆಳಕಿಗೆ ತಂದಳು. ಗಾಳಿ ಬೀಳುತ್ತೆ ಎಂದು ವ್ಯಾಪಾರಿಯ ಹೆಂಡತಿ ಹಿಂದೆಯೇ ಓಡಿ ಬಂದಳು. ಬೀಗಿತ್ತಿ ಕಿವಿಗೊಡಲಿಲ್ಲ. ಮಗುವಿನ ಹಣೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದಳು. ಕಣ್ಣು ನೋಡಿದಳು. ಅಂಗಾಲು ನೋಡಿದಳು. ಮಗು ಕೆಂಪಗೆ ಮುಖ ಮಾಡಿಕೊಂಡು ಅಳತೊಡಗಿತು. ಅವಳು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಲ್ಲೇ ಹೊಸಿಲ ಮೇಲೆ ಕೂತಳು.

"ನನ್ನ ಮೊದಲನೆಯದು ಹಳದಿಯಾಗಿ ಒಂಬತ್ತನೇ ದಿನಕ್ಕೆ ಹೋಯಿತು" ಎಂದಳು. "ಇವತ್ತು ಇದಕ್ಕೆ ಒಂಬತ್ತು. ಮನೆಯಲ್ಲಿ ಕೂರೋಕಾಗಲಿಲ್ಲ."

ಪಾಯಸಕ್ಕೆ ಮುನಿಸಿಕೊಂಡ ಜನ ಎಂದುಕೊಂಡಿದ್ದ ವ್ಯಾಪಾರಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಆದರೆ ಗುಮಾನಿ ಅಷ್ಟು ಬೇಗ ಎದ್ದು ಹೋಗುವ ನೆಂಟನಲ್ಲ. ಬೀಗಿತ್ತಿ ಕಣ್ಣೊರೆಸಿಕೊಂಡು ತನ್ನ ಚೀಲದಿಂದ ಫೋನು ತೆಗೆದಳು. ಚಿತ್ರವನ್ನು ಒಮ್ಮೆ ನೋಡಿದಳು, ತೊಡೆಯ ಮೇಲಿನ ಮಗುವನ್ನು ಒಮ್ಮೆ ನೋಡಿದಳು.

"ಹಾಗಾದ್ರೆ ಈ ಫೋಟೊದಲ್ಲಿ ಇರೋ ಮಗು ಯಾರದು?"

"ಬೀಗಿತ್ತಿಯವರೇ!" ಎಂದ ವ್ಯಾಪಾರಿ. "ಯಾರದೋ ಮಗುವಿನ ಫೋಟೊ ಕಳಿಸೋಕೆ ನನಗೇನು ಹುಚ್ಚೇ? ನಿಮ್ಮ ಕಣ್ಣ ಮುಂದೇನೇ ತೆಗೀತೀನಿ, ನೋಡಿ."

ಅವನು ಅವಳ ತೊಡೆಯ ಮೇಲಿದ್ದ ಮಗುವಿನ ಫೋಟೊ ತೆಗೆದ. ತೋರಿಸಿದ. ಚಿತ್ರದಲ್ಲಿ ಮಗು ಇದ್ದ ಹಾಗೇ ಇತ್ತು. "ಇದು ಹಸಿ ಫೋಟೊ. ಇನ್ನು ಸರಿ ಮಾಡ್ತೀನಿ" ಎಂದು ಡ್ರಾಪರಿನ ಗುರುತನ್ನು ಪಂಚೆಯ ಮೇಲಿಟ್ಟು ಒತ್ತಿದ. ಎಲ್ಲರ ಕಣ್ಣ ಮುಂದೆ ಮಗು ಹಳದಿಯಾಯಿತು.

ಬೀಗಿತ್ತಿ ಫೋನನ್ನು ಬಿಟ್ಟು ಮಗುವನ್ನು ಸುತ್ತಿದ ಬಟ್ಟೆಯನ್ನು ನೋಡಿದಳು. ಬೆರಳಿನಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು.

"ಇದು ಬಿಳಿ ಅಂತ ನಿಮಗೆ ಯಾರು ಹೇಳಿದ್ದು?"

"ಇಡೀ ಬೀದಿ ಹೇಳುತ್ತೆ" ಎಂದ ವ್ಯಾಪಾರಿ.

ಆಗ ಮಗಳು ಕೋಣೆಯಿಂದ ಹೊರಗೆ ಬಂದಳು. ಗೋಡೆ ಹಿಡಿದುಕೊಂಡು ನಿಧಾನವಾಗಿ ನಡೆದು ಬಂದಳು. ಬಾಣಂತಿಗೆ ಶೀತವಾಗದಿರಲೆಂದು ಕಿವಿಗೆ ಹತ್ತಿ ಇಟ್ಟಿದ್ದರು. ಒಂದು ಕಿವಿಯಿಂದ ಹತ್ತಿಯನ್ನು ತೆಗೆದು, ಅದರ ಒಳಗಿನ ಶುಭ್ರವಾದ ಎಳೆಯನ್ನು ಬಿಡಿಸಿ, ಪಂಚೆಯ ಮೇಲೆ ಇಟ್ಟಳು.

ಹತ್ತಿ ಬಿಳಿಯಾಗಿತ್ತು. ಪಂಚೆ ತಿಳಿನೀಲಿಯಾಗಿತ್ತು.

ವ್ಯಾಪಾರಿ ಬಗ್ಗಿ ನೋಡಿದ. ಉಟ್ಟ ಪಂಚೆಯನ್ನು ನೋಡಿದ. ಆಮೇಲೆ ಹತ್ತಿಯನ್ನು ಕಿತ್ತುಕೊಂಡು ನಡುಮನೆಗೆ ಓಡಿ ಗೋಡೆಯ ಮೇಲೆ ಇಟ್ಟು ನೋಡಿದ. ಗೋಡೆಯೂ ತಿಳಿನೀಲಿ.

"ಸುಣ್ಣಕ್ಕೂ ನೀಲಿ ಹಾಕಿದ್ರಾ?" ಎಂದು ಹೆಂಡತಿಯನ್ನು ಕೇಳಿದ.

"ಹಾಕದೆ? ಇಲ್ಲದಿದ್ರೆ ಗೋಡೆ ಬಿಳಿ ಕಾಣುತ್ತಾ? ನೀವೇ ತಾನೇ ಪಂಚೆ ಹಾಗಿರಬೇಕು ಅಂದಿದ್ದು? ಅದೇ ನೀಲಿಯನ್ನೇ ಸುಣ್ಣದವನಿಗೂ ಕೊಟ್ಟೆ."

ಎರಡು ಸಾಕ್ಷಿಗಳೂ ಒಂದೇ ಬಾಟಲಿಯಿಂದ ಬಂದಿದ್ದವು.

"ಅಪ್ಪ" ಎಂದಳು ಮಗಳು, "ನೀಲಿಯನ್ನು ತೋರಿಸಿ ಬಿಳಿ ಅಂದಿರಿ. ಫೋನು ನಿಮ್ಮ ಮಾತು ನಂಬಿತು. ಆ ನೀಲಿಯನ್ನ ಅಳಿಸಬೇಕು ಅಂದ್ರೆ ಅದು ಎಲ್ಲದರ ಮೇಲೂ ಹಳದಿ ಸುರೀಬೇಕು. ಸುರೀತು. ಅಷ್ಟೇ."

"ಇಷ್ಟು ದಿನ ಯಾಕಮ್ಮ ಹೇಳಲಿಲ್ಲ?"

"ನೀವು ಕಳಿಸಿದ ಫೋಟೊವನ್ನ ನನಗೆ ಯಾರು ತೋರಿಸಿದ್ರಪ್ಪ? ಕಣ್ಣು ಹಾಳಾಗುತ್ತೆ ಅಂತ ಫೋನು ಬೀರುವಿನಲ್ಲಿ ಇತ್ತಲ್ಲ."

ಬೀಗಿತ್ತಿಗೆ ಫೋನಿನ ಮಾತು ಪೂರ್ತಿ ತಿಳಿಯಲಿಲ್ಲ. ಬಟ್ಟೆಯ ಮಾತು ತಿಳಿಯಿತು. "ನಮ್ಮ ಮನೆಯಲ್ಲಿ ಎರಡು ಹನಿ ಹಾಕ್ತೀವಿ" ಎಂದು ವ್ಯಾಪಾರಿಯ ಹೆಂಡತಿಗೆ ಹೇಳಿದಳು. "ಮೂರು ಹಾಕಿದ್ರೆ ನಾವು ಅದನ್ನ ನೀಲಿ ಅಂತೀವಿ."

"ನಾವು ಆರು ಹಾಕ್ತೀವಿ" ಎಂದಳು ಅವಳು. ಹೇಳಿ ತಾನೇ ನಕ್ಕಳು. ಬೀಗಿತ್ತಿಯೂ ನಕ್ಕಳು. ಆಮೇಲೆ ಇಟ್ಟಿದ್ದ ನೀರನ್ನು ಕುಡಿದಳು. ಮಗನಿಗೆ ಫೋನು ಮಾಡಿ, ಕಾರು ಬೇಡ, ಹದಿಮೂರನೆಯ ದಿನಕ್ಕೆ ಬನ್ನಿ, ನಾನು ಇಲ್ಲೇ ಇರುತ್ತೇನೆ ಎಂದಳು. ಮಗ ಅಲ್ಲಿಂದ ಏನೋ ಕೇಳಿದ. "ಇಲ್ಲಪ್ಪ, ಯಾರೂ ಹೇಳಿಸ್ತಿಲ್ಲ" ಎಂದಳು.

ವ್ಯಾಪಾರಿ ಮಾತ್ರ ನಗಲಿಲ್ಲ. ಅವನು ಜಗಲಿಯ ಕಂಬದ ಬಳಿ ನಿಂತೇ ಇದ್ದ. ಬೀಗಿತ್ತಿ ಅವನನ್ನು ನೋಡಿ, ಏನನ್ನಿಸಿತೋ, ಪುರುಡು ಕಳೆಯಲು ಇನ್ನೂ ಒಂದು ದಿನ ಇದೆ ಎಂಬುದನ್ನೂ ಎಣಿಸದೆ, ಮಗುವನ್ನು ಅವನ ಕೈಗಿಟ್ಟಳು. ಬಟ್ಟೆ ಸಡಿಲವಾಗಿ ಮಗುವಿನ ಕಾಲು ಹೊರಗೆ ಬಂತು. ಹಿಮ್ಮಡಿಯಲ್ಲಿ ಮೂರು ಸೂಜಿಯ ಗುರುತುಗಳು ಇದ್ದವು. ಎರಡು ಬಾಡಿದ್ದವು. ಮೂರನೆಯದು ಇನ್ನೂ ಕೆಂಪಗಿತ್ತು. ಅದನ್ನು ಹಾಕಿಸಿದವನು ತಾನೇ ಎಂಬುದು ಅವನಿಗೆ ನೆನಪಿತ್ತು.

ಅವನ ಫೋನು ಜಗಲಿಯ ಮೇಲೆ ಇತ್ತು. ಅಂದು ಅವನು ಅದನ್ನು ಎತ್ತಿಕೊಳ್ಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಾರ್ವರಿ ತನ್ನ ಮಡಿಲಲ್ಲಿದ್ದ ಕ್ಯಾಮರಾದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಕೇಳಿದಳು:

"ನನಗೂ ನನ್ನ ಮನೆಯ ಬಿಳಿಯೇ ಬಿಳಿ ಅನ್ನಿಸುತ್ತಿರಬಹುದು ಗುರುಗಳೇ. ಹಾಗಾದರೆ ಯಾವುದು ನಿಜವಾದ ಬಿಳಿ ಎಂದು ಅಳೆಯಲು ನಾನು ಯಾವ ಬಟ್ಟೆಯನ್ನು ಇಟ್ಟುಕೊಳ್ಳಲಿ?"

ಗುರುಗಳು ಹೇಳಿದರು: "ಬಟ್ಟೆ ಬಿಡು ತಾಯಿ, ಮಗುವನ್ನು ನೋಡು."